ಮನೆಯಂಗಳದ ಹಬ್ಬುಗುಲಾಬಿ: ಅದನ್ನು ಬಾಗಿಸುವ ಮತ್ತು ಸವರುವ ಕ್ರಮ

"ಹಬ್ಬುಗುಲಾಬಿಯನ್ನು ನೆಟ್ಟು ಮೂರು ವರ್ಷವಾಯಿತು, ಗಿಡವು ಮಾಳಿಗೆಯ ಎತ್ತರಕ್ಕೆ ಏರಿದೆ, ಹೂ ಮಾತ್ರ ಕಾಣಲಿಲ್ಲ. ಇದಕ್ಕೆ ಯಾವ ಗೊಬ್ಬರವನ್ನು ಹಾಕಬೇಕು?" ಎಂಬ ಪ್ರಶ್ನೆಯು ಮನೆತೋಟಗಳನ್ನಿಟ್ಟುಕೊಂಡಿರುವವರಿಂದ ಇಲಾಖೆಯ ನೌಕರರಿಗೆ ಪದೇ ಪದೇ ಬರುತ್ತಿರುವುದು. ಕೇಳುವವರು ಗೊಬ್ಬರದ ಹೆಸರನ್ನು ನಿರೀಕ್ಷಿಸಿಯೇ ಕೇಳುವರು. ಉತ್ತರ ಹೇಳುವವರೂ ಒಂದೊಂದು ವೇಳೆ ಯಾವುದಾದರೊಂದು ಗೊಬ್ಬರದ ಹೆಸರನ್ನು ಹೇಳಿ ಕಳುಹಿಸಿಬಿಡುವುದುಂಟು. ಆದರೆ ಇಂಥ ಗಿಡಗಳನ್ನು ಸ್ವತಃ ಹೋಗಿ ನೋಡಿದಲ್ಲಿ, ಬಹುಮಟ್ಟಿಗೆ ಗೊಬ್ಬರದ ಕೊರತೆಯು ಕಂಡುಬರುವುದಿಲ್ಲ. ಕೊಂಬೆಗಳು ಹೆಬ್ಬೆರಳ ಗಾತ್ರವಾಗಿಯೂ ಎಲೆಗಳು ಕಡು ಹಸುರಾಗಿಯೂ ಇರುವುವು. ತಪ್ಪು ಇರುವುದು ಬೇರೆ ಎರಡು ಕಡೆಗಳಲ್ಲಿ: ಕೊಂಬೆಗಳನ್ನು ನೆಟ್ಟಗೆ ಮೇಲಕ್ಕೆ ಹೋಗಗೊಡುವುದು ಒಂದು, ಪೊದೆಗುಲಾಬಿಯಂತೆ ಇದನ್ನೂ ವರ್ಷಕ್ಕೊಮ್ಮೆ ಮೋಟು ಮಾಡುವುದು ಇನ್ನೊಂದು. ಇವೆರಡನ್ನೂ ಬಿಟ್ಟರೆ ಹಬ್ಬುಗುಲಾಬಿಯಷ್ಟು ಕಡಮೆ ಆರೈಕೆಯಿಂದ ಅಷ್ಟು ಹೆಚ್ಚು ಹೂ ಕೊಡುವ ಗಿಡವು ನಮ್ಮ ಅಂಗಳಗಳಲ್ಲಿ ವಿರಳವೆಂದೇ ಹೇಳಬಹುದು.

ಈ ವಿಷಯವನ್ನು ಬರೆಯುವುದಕ್ಕೆ ನನಗೆ ಸ್ವಂತ ಕಾರಣವೊಂದುಂಟು. ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮನೆತೋಟದ ವಿಷಯವಾಗಿ ಮಾತನಾಡುತ್ತ, "ಮಳೆಯು ಹಿಂದೆಗೆದ ಮೇಲೆ ಅಕ್ಟೋಬರ್ ತಿಂಗಳಿನಲ್ಲಿ ಗುಲಾಬಿ ಗಿಡಗಳನ್ನು ಮೊಳಕಾಲೆತ್ತರಕ್ಕೆ ಸವರಿಬಿಡಬೇಕು" ಎಂದು ಹೇಳಿದ್ದೆನು. ಪೊದೆಗುಲಾಬಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತು ಅದು. ಆದರೆ 'ಪೊದೆ' ಎಂಬ ಶಬ್ದವನ್ನು ನಾನು ಸೇರಿಸಿರಲಿಲ್ಲ. ಅದೇ ಊರಿಗೆ ಎರಡು ವರ್ಷಗಳ ತರುವಾಯ ಆಗಸ್ಟ್ ತಿಂಗಳಿನಲ್ಲಿ ಹೋಗಿದ್ದಾಗ, ನಿವೃತ್ತರಾದ ಮೇಷ್ಟರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದುಕೊಂಡುಹೋದರು. ಬಾಗಿಲ ಪಕ್ಕದಲ್ಲಿ ಹಬ್ಬುಗುಲಾಬಿಯೊಂದು ಬಿದಿರು ಗಳುವಿಗೆ ಕಟ್ಟಿಸಿಕೊಂಡು ಧ್ವಜಸ್ತಂಭದಂತೆ ನಿಂತಿತ್ತು. ಹೂವೂ ಇಲ್ಲ, ಮೊಗ್ಗೂ ಇಲ್ಲ. ಮೇಷ್ಟರು ಒಳಗಿನಿಂದ ಒಂದು ಟಿಪ್ಪಣಿ ಪುಸ್ತಕವನ್ನು ತಂದು, ತಾರೀಖಿನೊಡನೆ ಬರೆದಿಟ್ಟಿದ್ದ ನನ್ನ ಮಾತನ್ನು ತೋರಿಸಿದರು. "ತಾವು ಹೇಳಿದ ಹಾಗೆಯೇ ಎರಡು ವರ್ಷವೂ ಮಾಡಿದ್ದೇನೆ, ಸ್ವಾಮಿ. ನನ್ನ ಕೈಯಲ್ಲಿ ತಪ್ಪಾಗಿದ್ದರೆ ತೋರಿಸಿಕೊಡಬೇಕು" ಎಂದರು. ಗಿಡವನ್ನು ತಂದು ನೆಟ್ಟವರು ಅವರ ಮನೆಯವರು. ಆಕೆ ಮರುವರ್ಷವೇ ತೀರಿಕೊಂಡರು. ಅದು ಹೂ ಬಿಟ್ಟುದನ್ನು ನೋಡಲಿಲ್ಲ. ಮಗನು ಆ ಸ್ಥಳದಲ್ಲಿ ಕಾರು ನಿಲ್ಲಿಸುವುದಕ್ಕೆ ತಗಡಿನ ಚಪ್ಪರ ಹಾಕಿಸಬೇಕೆಂದಿದ್ದನು; ಈ ಚಳಿಗಾಲದಲ್ಲಿಯೂ ಹೂ ಬಿಡದಿದ್ದರೆ ಗಿಡವನ್ನು ತೆಗೆಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಮೇಷ್ಟ್ರೇ, ತಪ್ಪು ನಿಮ್ಮದಲ್ಲ, ನನ್ನದು" ಎಂದು ಹೇಳಬೇಕಾಯಿತು. ಆ ದಿವಸ ಅವರಿಗೆ ಏನನ್ನು ವಿವರಿಸಿದೆನೋ ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗಿಡದ ಸ್ವಭಾವ.— ಹಬ್ಬುಗುಲಾಬಿಯೆಂದು ಕರೆಯುತ್ತೇವೆಯೇ ಹೊರತು ಇದು ತಾನಾಗಿ ಹಬ್ಬತಕ್ಕ ಗಿಡವಲ್ಲ. ದ್ರಾಕ್ಷಿಗಿರುವಂತೆ ಇದಕ್ಕೆ ಸುರುಳಿಬಳ್ಳಿಗಳಿಲ್ಲ. ಅವರೆಯ ಬಳ್ಳಿಯಂತೆ ಕೋಲನ್ನು ಸುತ್ತಿಕೊಳ್ಳುವುದಿಲ್ಲ. ವೀಳ್ಯದೆಲೆಯಂತೆ ಗಿಣ್ಣಿನಲ್ಲಿ ಬೇರು ಬಿಟ್ಟು ಮರವನ್ನು ಹಿಡಿದುಕೊಳ್ಳುವುದೂ ಇಲ್ಲ. ಕೆಳಮುಖವಾಗಿ ಬಾಗಿರುವ ಅದರ ಮುಳ್ಳುಗಳೇ ಕೊಕ್ಕೆಗಳು. ಕಾಡಿನಲ್ಲಿ ಈ ಜಾತಿಯ ಗುಲಾಬಿಯು ಉದ್ದವಾದ ಕೊಂಬೆಗಳನ್ನು ಪಕ್ಕದ ಮರಗಳ ಮೇಲಕ್ಕೆ ಎಸೆದು, ಮುಳ್ಳುಗಳಿಂದ ತೊಡರಿಕೊಂಡು, ಬಳಿಕ ತನ್ನ ಭಾರದಿಂದಲೇ ಬಾಗುತ್ತದೆ. ಹಾಗೆ ಬಾಗಿದ ಮೇಲೆಯೇ ಅದರ ಮೈಯೆಲ್ಲ ಹೂ ತುಂಬುವುದು. ಮನೆಯ ಅಂಗಳದಲ್ಲಿ ಮರವಿಲ್ಲ, ಗೋಡೆಯುಂಟು, ಕಂಬವುಂಟು. ಬಾಗಿಸುವ ಕೆಲಸವು ಮನುಷ್ಯನ ಕೈಗೆ ಬಂದಿರುತ್ತದೆ. ನಾವು ಆ ಕೆಲಸವನ್ನು ಮಾಡದೆ ಗಿಡವನ್ನು ಗಳುವಿಗೆ ಬಿಗಿದು ನಿಲ್ಲಿಸುತ್ತೇವೆ.

ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಕುಡಿಯೇ ಯಜಮಾನನು. ಅಲ್ಲಿ ಹುಟ್ಟುವ ಒಂದು ಬಗೆಯ ರಸವು (ಶಾಸ್ತ್ರಜ್ಞರು ಇದನ್ನು ಆಕ್ಸಿನ್ ಎನ್ನುವರು) ಕೆಳಮುಖವಾಗಿ ಇಳಿಯುತ್ತ, ಎಲೆಯ ಕಂಕುಳುಗಳಲ್ಲಿರುವ ಕಣ್ಣುಗಳು ಚಿಗುರದಂತೆ ತಡೆಯುತ್ತದೆ. ಬೇರಿನಿಂದ ಮತ್ತು ಎಲೆಗಳಿಂದ ಬರುವ ಆಹಾರವನ್ನೂ, ಮುಖ್ಯವಾಗಿ ಸಕ್ಕರೆಯನ್ನು, ತುದಿಯ ಕುಡಿಯೇ ಸೆಳೆದುಕೊಳ್ಳುವುದರಿಂದ ಕೆಳಗಿನ ಕಣ್ಣುಗಳು ಹಸಿದಿರುತ್ತವೆಂದು ಇತ್ತೀಚಿನ ಶೋಧನೆಗಳಿಂದ ತಿಳಿದುಬಂದಿದೆ. ಈ ಸಂಗತಿಯು ನಮ್ಮ ರೈತರಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ತುದಿಯನ್ನು ಮುರಿದ ಕೆಲವು ದಿವಸಗಳಲ್ಲಿಯೇ ಕಂಕುಳ ಕುಡಿಗಳು ಎದ್ದುಬರುವುದನ್ನೂ, ಅವುಗಳನ್ನು ಕೀಳುವುದೇ ಒಂದು ದೊಡ್ಡ ಕೆಲಸವಾಗುವುದನ್ನೂ ಅವರು ವರ್ಷವರ್ಷವೂ ನೋಡುತ್ತಿರುವರು. ಸೇವಂತಿಗೆಯನ್ನು ಬೆಳೆಯುವವರು ಸಸಿಯ ಕುಡಿಯನ್ನು ಚಿವುಟುವುದೂ ಇದೇ ತತ್ತ್ವದ ಮೇಲೆಯೇ.

ಹಾಗಾದರೆ ಹಬ್ಬುಗುಲಾಬಿಯ ತುದಿಯನ್ನೂ ಕತ್ತರಿಸಿದರೆ ಸಾಲದೆ, ಎಂದು ವಾಚಕರು ಕೇಳಬಹುದು. ಸಾಲದು. ಹತ್ತು ಅಡಿ ಉದ್ದದ ಕೊಂಬೆಯನ್ನು ಎರಡಡಿಗೆ ಕತ್ತರಿಸಿದಲ್ಲಿ, ಮುಂದಿನ ವರ್ಷ ಹೂ ಕೊಡಬೇಕಾಗಿದ್ದ ಹತ್ತಾರು ಕಣ್ಣುಗಳು ಕಸದ ಗುಂಡಿಗೆ ಹೋಗುವುವು. ಉಳಿದ ಎರಡು ಮೂರು ಕಣ್ಣುಗಳು ಬೇರಿನ ಪೂರ್ಣಬಲವನ್ನು ಪಡೆದು ಮತ್ತೆ ಹತ್ತಡಿಯ ನೆಟ್ಟನೆಯ ಕೊಂಬೆಗಳಾಗುವುವು. ಈ ವರ್ಷದ ಕೊಂಬೆಯು ಮುಂದಿನ ವರ್ಷಕ್ಕೆ ಮಾಗಿ, ಅದರ ಮಗ್ಗುಲಿನಿಂದ ಹೊರಡುವ ಗೇಣುದ್ದದ ಚಿಗುರುಗಳಲ್ಲಿಯೇ ಹೂ ಬರತಕ್ಕದ್ದು. ಮಾಗುವುದರೊಳಗಾಗಿ ಕತ್ತರಿ ಬಂದರೆ ಗಿಡವು ಎಷ್ಟು ವರ್ಷವಾದರೂ ಮೊದಲನೆಯ ವರ್ಷದಲ್ಲಿಯೇ ಇರುವುದು. ಮೇಷ್ಟರ ಮನೆಯ ಗಿಡಕ್ಕೆ ಆಗಿದ್ದುದು ಇದೇ.

ಹಬ್ಬುವ ಗುಣಕ್ಕೂ ಹೂ ಬಿಡುವ ಗುಣಕ್ಕೂ ಇರುವ ಈ ಜಗಳದ ಮೂಲವು ಗಿಡದ ವಂಶವಾಹಿಯಲ್ಲಿಯೇ ಇದೆಯೆಂಬುದು ಈಗ ತಿಳಿದಿದೆ. ಕಾಡುಗುಲಾಬಿಗಳಲ್ಲಿ ಹೂವನ್ನು ತಡೆದು ಕೊಂಬೆಯನ್ನು ಬೆಳೆಯಿಸುವ ಒಂದು ವಂಶವಾಹಿ ಉಂಟು. ವರ್ಷವೆಲ್ಲ ಹೂ ಕೊಡುವ ನಮ್ಮ ಪೊದೆಗುಲಾಬಿಗಳಲ್ಲಿ ಅದರ ನಡುವೆ ಬೇರೊಂದು ತುಣುಕು ಸೇರಿಕೊಂಡು ಅದು ಕೆಟ್ಟುಹೋಗಿದೆ. ಆದಕಾರಣ ಅವುಗಳ ಪ್ರತಿಯೊಂದು ಚಿಗುರೂ ಬೇಗನೆ ಹೂವಿನಲ್ಲಿ ಕೊನೆಗೊಂಡು ಗಿಡವು ಗಿಡ್ಡಾಗಿಯೇ ಉಳಿಯುವುದು. ಚೀನಾ ದೇಶದ ಹಳೆಯ ತಳಿಯಾದ 'ಓಲ್ಡ್ ಬ್ಲಷ್' ಎಂಬುದರ ಹಬ್ಬುವ ರೂಪದಲ್ಲಿ ಈ ತುಣುಕಿನ ಬಹುಭಾಗವು ಕಳಚಿಹೋಗಿ, ತಡೆಯು ಮತ್ತೆ ಕೆಲಸಮಾಡತೊಡಗಿರುವುದೆಂದು ೨೦೧೨ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಮೊದಲು ಕೊಂಬೆ, ಆಮೇಲೆ ಹೂ ಎಂಬುದು ಇಂಥ ಗಿಡದ ಹುಟ್ಟುಗುಣವೇ ಆಗಿರುವುದರಿಂದ, ನಾವು ಅದಕ್ಕೆ ಕೊಂಬೆಯನ್ನು ಬೆಳೆಸಿಕೊಳ್ಳುವ ಅವಕಾಶವನ್ನು ಕೊಡಲೇಬೇಕು.

ಜಾತಿಗಳು.— ಪೊದೆಗುಲಾಬಿಯಲ್ಲಿ ಆಕಸ್ಮಿಕವಾಗಿ ಹುಟ್ಟಿದ ಉದ್ದಗೊಂಬೆಯಿಂದ ಬೆಳೆಸಿದ ಹಬ್ಬುಜಾತಿಗಳು ಒಂದು ವರ್ಗ. ಇವುಗಳ ಹೆಸರಿನೊಡನೆ 'ಕ್ಲೈಂಬಿಂಗ್' ಎಂಬ ಮಾತು ಸೇರಿರುವುದು. ೧೯೧೭ರಲ್ಲಿ ಬಂದ ಹಬ್ಬುವ 'ಲೇಡಿ ಹಿಲಿಂಗ್ಡನ್' ಈ ವರ್ಗದ್ದು. ಅದರ ಪೊದೆರೂಪವು ೧೯೧೦ರಷ್ಟು ಹಿಂದಿನದು. ಏಲಕ್ಕಿ ಬಾಳೆಯ ಹಣ್ಣಿನ ತಿರುಳಿನಂತಹ ಬಣ್ಣದ, ತೊನೆಯುವ ಹೂಗಳ ಈ ಜಾತಿಯು ಸೆಕೆಯನ್ನು ತಡೆಯತಕ್ಕ ಟೀ ಗುಲಾಬಿಯ ವಂಶದ್ದಾದುದರಿಂದ ನಮ್ಮ ಹವೆಗೆ ಒಪ್ಪುವುದು. ಫ್ರಾನ್ಸ್ ದೇಶದಲ್ಲಿ ೧೮೬೪ರಲ್ಲಿ ಬೆಳಕಿಗೆ ಬಂದ ಹಳದಿಯ 'ಮಾರ್ಷಲ್ ನೀಲ್' ಎಂಬುದನ್ನು ಹಳೆಯ ಬಂಗಲೆಗಳ ಮುಂಭಾಗದಲ್ಲಿ ಕಂಡವರು ಮರೆಯಲಾರರು. ಅದರ ಹೂವಿನ ತೊಟ್ಟು ಬಲವಿಲ್ಲದುದು, ಹೂಗಳು ತಲೆತಗ್ಗಿಸಿಕೊಂಡಿರುವುವು. ಆದುದರಿಂದ ತಲೆಯ ಮೇಲಿನ ಚಪ್ಪರಕ್ಕೆ ಅದೇ ಅತಿ ಯೋಗ್ಯವಾದುದು. ಕೆಳಗೆ ನಿಂತವರ ಕಡೆಗೇ ಹೂ ಮುಖಮಾಡಿರುವುದು. ಕಂಬಕ್ಕೆ ಏರಿಸಲು ೧೯೫೬ರ 'ಗೋಲ್ಡನ್ ಷವರ್ಸ್' ಒಳ್ಳೆಯದು. ಬಿಳಿಯ ಹೂ ಬೇಕಾದವರು ದೆಹಲಿಯ ಡಾಕ್ಟರ್ ಬಿ. ಪಿ. ಪಾಲ್ ಅವರು ಬೆಳೆಸಿದ 'ಡೆಲ್ಲಿ ವೈಟ್ ಪರ್ಲ್' ಎಂಬುದನ್ನು ವಿಚಾರಿಸಬಹುದು. ಇವರು ಗೋಧಿಯ ತಳಿಗಳಿಗಾಗಿ ಹೆಸರಾದವರು. ಬಿಡುವಿನ ವೇಳೆಯಲ್ಲಿ ಗುಲಾಬಿಗಳನ್ನು ಸಂಕರಮಾಡಿದರು.

ಇಂಗ್ಲೆಂಡಿನ ಚಿತ್ರಗಳಲ್ಲಿ ಗುಡಿಸಲ ಮೇಲೆಲ್ಲ ಹಬ್ಬಿ, ಎಲೆ ಕಾಣದಂತೆ ಸಣ್ಣ ಹೂಗಳ ಗೊಂಚಲುಗಳಿಂದ ತುಂಬಿರುವ ಜಾತಿಗಳನ್ನು ನೋಡಿ ಅವನ್ನೇ ಬೇಕೆನ್ನುವವರುಂಟು. ಅವು 'ರ್ಯಾಂಬ್ಲರ್' ಎಂಬ ಬೇರೊಂದು ವರ್ಗ. ವರ್ಷಕ್ಕೆ ಒಂದೇ ಸಲ ಹೂ ಬಿಡುವುವು. ಚೆನ್ನಾಗಿ ಹೂವೇರಲು ಒಳ್ಳೆಯ ಚಳಿಗಾಲವನ್ನು ಬೇಡುವುವು. ನಮ್ಮ ಬಯಲುಸೀಮೆಯಲ್ಲಿ ಇವುಗಳಿಗಾಗಿ ಹಣ ವೆಚ್ಚಮಾಡುವುದನ್ನು ನಾನು ಒಪ್ಪುವುದಿಲ್ಲ. ಹಬ್ಬುಗುಲಾಬಿಯು ಪರದೇಶದ ಸೊತ್ತೆಂದು ಭಾವಿಸುವುದೂ ಸರಿಯಲ್ಲ. ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ಬಿಳಿಯ ಹೂ ಬಿಡುವ ಹಬ್ಬುಗುಲಾಬಿಯೊಂದು ಕಾಡಿನಲ್ಲಿಯೇ ಬೆಳೆಯುತ್ತದೆ. ಮಣಿಪುರದ ಬೆಟ್ಟಗಳಲ್ಲಿ ಸರ್ ಜಾರ್ಜ್ ವಾಟ್ ಅವರು ೧೮೮೨ರಲ್ಲಿ ಕಂಡ ಜೈಗಾಂಟಿಯ ಗುಲಾಬಿಯು ದೊಡ್ಡ ಮರಗಳ ಮೇಲಕ್ಕೆ ಏರತಕ್ಕುದು. ಅದರ ರಕ್ತವನ್ನು ಸೇರಿಸಿ ಬಿಸಿಲಿಗೆ ಬಾಡದ ತಳಿಗಳನ್ನು ಪಡೆಯುವ ಕೆಲಸವನ್ನು ಕೊಡೈಕೆನಾಲಿನಲ್ಲಿ ವೀರರಾಘವನ್ ದಂಪತಿಗಳು ಕೈಗೊಂಡರು.

ಸಸಿಯನ್ನು ಕೊಳ್ಳುವಾಗ ಒಂದು ಎಚ್ಚರಿಕೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ದಿವಸಗಳಲ್ಲಿ ಹೂವಿನ ಅಂದವೊಂದನ್ನೇ ನೋಡಿ ಸಸಿ ತರುವವರು ಬಹಳ. ಹೂವಿಗಿಂತ ಬುಡವನ್ನು ನೋಡಬೇಕು. ಕಸಿಯ ಗಂಟಿನ ಮೇಲಿನಿಂದ ಎರಡು ಮೂರು ಬಲವಾದ ಕೊಂಬೆಗಳು ಹೊರಟಿರುವ ಸಸಿಯು ಒಳ್ಳೆಯದು. ಒಂದೇ ಕೊಂಬೆಯ ಸಸಿಯು ಅಗ್ಗವಾಗಿ ದೊರೆತರೂ ಒಂದು ವರ್ಷವನ್ನು ನುಂಗಿಬಿಡುವುದು.

ಸ್ಥಳ ಮತ್ತು ಗುಣಿ.— ದಿನಕ್ಕೆ ಆರು ಘಂಟೆಯಾದರೂ ಬಿಸಿಲು ಬೀಳಬೇಕು. ಪೂರ್ವದ ಗೋಡೆಯು ಎಲ್ಲಕ್ಕಿಂತ ಮೇಲು. ಬೆಳಗಿನ ಬಿಸಿಲಿಗೆ ಎಲೆಯ ಮೇಲಿನ ಇಬ್ಬನಿಯು ಬೇಗ ಆರುವುದರಿಂದ ರೋಗವೂ ಕಡಮೆ. ಚಿತ್ರದುರ್ಗ, ಬಳ್ಳಾರಿ, ರಾಯಚೂರಿನಂತಹ ಸೆಕೆಯ ಸೀಮೆಗಳಲ್ಲಿ ಪಶ್ಚಿಮದ ಗೋಡೆಯು ಸಂಜೆಯವರೆಗೆ ಕಾದು ಎಲೆಗಳನ್ನು ಬಾಡಿಸುವುದು; ಅಲ್ಲಿ ಗೋಡೆಯನ್ನು ಬಿಟ್ಟು ಗಾಳಿಯಾಡುವ ಚಪ್ಪರಕ್ಕೆ ಹಬ್ಬಿಸುವುದು ಲೇಸು. ಗೋಡೆಯ ಬುಡಕ್ಕೆ ಸೇರಿಸಿ ನೆಡಬಾರದು. ಅಡಿಪಾಯವು ತೇವವನ್ನು ಹೀರುವುದು. ಗಾರೆಯ ಸುಣ್ಣವು ಮಣ್ಣಿಗೆ ಸೇರಿ ಎಲೆಗಳು ಹಳದಿಗೆ ತಿರುಗುವುವು. ಮಾಡಿನ ನೆರಳಿನಿಂದ ಮಳೆಯ ನೀರೂ ತಾಕದು. ಗೋಡೆಗೂ ಗುಣಿಗೂ ಒಂದೂವರೆ ಅಡಿಯ ಅಂತರವಿರಲಿ.

ಗುಣಿಯು ಎರಡೂವರೆ ಅಡಿ ಉದ್ದ, ಅಷ್ಟೇ ಅಗಲ ಮತ್ತು ಆಳವಿರಬೇಕು. ಹಬ್ಬುಗುಲಾಬಿಯು ಹದಿನೈದು ಇಪ್ಪತ್ತು ವರ್ಷ ಅಲ್ಲಿಯೇ ಇರತಕ್ಕುದಾದುದರಿಂದ ಈ ಒಂದು ದಿವಸದ ಶ್ರಮದಲ್ಲಿ ಜಿಪುಣತನ ಸಲ್ಲದು. ತೆಗೆದ ಮೇಲ್ಮಣ್ಣಿಗೆ ಎರಡು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, ಕಾಲು ಕಿಲೋ ಮೂಳೆಯ ಪುಡಿ ಸೇರಿಸಿ ತುಂಬಿ, ನೀರು ಕಟ್ಟಿ, ಎರಡು ವಾರ ಮಣ್ಣು ಕೂರಲು ಬಿಡಬೇಕು. ಕಪ್ಪು ಎರೆಭೂಮಿಯಲ್ಲಿ ತಳಕ್ಕೆ ಅರ್ಧ ಅಡಿ ಇಟ್ಟಿಗೆ ಚೂರನ್ನು ಹಾಕಿ, ನೆಡುವ ಸ್ಥಳವನ್ನು ಸುತ್ತಲ ನೆಲಕ್ಕಿಂತ ಎತ್ತರಿಸತಕ್ಕದ್ದು. ಗುಲಾಬಿಯ ಬೇರು ಬಾಯಾರಿಕೆಯನ್ನು ಒಂದು ದಿನ ತಾಳಬಹುದು, ನಿಂತ ನೀರನ್ನು ತಾಳಲಾರದು. ಕಸಿಯ ಗಂಟು ನೆಲದಿಂದ ಎರಡು ಅಂಗುಲ ಮೇಲಿರುವಂತೆ ನೆಡಬೇಕು. ಗಿಡದಿಂದ ಗಿಡಕ್ಕೆ ಎಂಟರಿಂದ ಹತ್ತು ಅಡಿ ಇರಲಿ. ಸಾಧಾರಣ ಮನೆಗೆ ಒಂದೇ ಗಿಡ ಸಾಕು. ಎರಡನ್ನು ನೆಟ್ಟವರು ಮೂರನೆಯ ವರ್ಷದಲ್ಲಿ ಒಂದನ್ನು ಯಾರಿಗೆ ಕೊಡೋಣವೆಂದು ಹುಡುಕುವುದನ್ನು ನೋಡಿದ್ದೇನೆ.

ಬಾಗಿಸುವ ಕ್ರಮ.— ಗೋಡೆಗೆ ನೆಲದಿಂದ ಎರಡಡಿ ಎತ್ತರದಲ್ಲಿ ಮೊದಲನೆಯದಾಗಿ, ಅಲ್ಲಿಂದ ಒಂದೂವರೆ ಅಡಿಗೆ ಒಂದರಂತೆ, ನಾಲ್ಕೈದು ಸಾಲು ತುಕ್ಕು ಹಿಡಿಯದ ತಂತಿಯನ್ನು ಅಡ್ಡಲಾಗಿ ಬಿಗಿಯಬೇಕು. ತಂತಿಯು ಗೋಡೆಗೆ ಅಂಟಿಕೊಂಡಿರಬಾರದು. ಮೂರು ನಾಲ್ಕು ಅಂಗುಲ ಮುಂದಕ್ಕೆ ಚಾಚಿರುವ ಕೊಕ್ಕೆಮೊಳೆಗಳ ಮೇಲೆ ಹಾದುಹೋಗಬೇಕು. ಈ ಸಂದಿಯಲ್ಲಿ ಗಾಳಿಯಾಡಿದರೆ ಬೂದಿರೋಗದ ಅರ್ಧ ಕಾಟವು ತಪ್ಪುವುದು.

ಮೊದಲನೆಯ ವರ್ಷ ಕೊಂಬೆಗಳನ್ನು ಬೆಳೆಯಲು ಬಿಟ್ಟು, ಗಾಳಿಗೆ ಮುರಿಯದಂತೆ ಸಡಿಲವಾಗಿ ಕಟ್ಟಿದರೆ ಸಾಕು. ಕೊಂಬೆಯು ಎಳೆಯದಾಗಿ ಕೆಂಪಗಿರುವಾಗ ಬಾಗಿಸಹೋದರೆ ಬುಡದಲ್ಲಿಯೇ ಕಳಚಿಬೀಳುವುದು. ಪೂರ್ಣವಾಗಿ ಕಟ್ಟಿಗೆಯಾದ ಮೇಲೆ ಬಾಗಿಸಹೋದರೆ ಸಿಗಿದುಹೋಗುವುದು. ಹಸುರಾಗಿಯೇ ಇದ್ದು, ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿ, ಮುಳ್ಳನ್ನು ಪಕ್ಕಕ್ಕೆ ತಳ್ಳಿದರೆ ಚಟ್ಟೆಂದು ಬಿಡಿಸಿಕೊಂಡು ಬರುವಂತಿರುವಾಗ ಸರಿಯಾದ ಸಮಯ. ನಮ್ಮಲ್ಲಿ ಮುಂಗಾರಿನಲ್ಲಿ ಹೊರಟ ಕೊಂಬೆಗಳು ಸೆಪ್ಟೆಂಬರ್ ಅಕ್ಟೋಬರಿನ ವೇಳೆಗೆ ಈ ಹದಕ್ಕೆ ಬರುವುವು. ಒಂದು ಕೈಯಿಂದ ಬುಡವನ್ನು ಆತುಕೊಂಡು, ಇನ್ನೊಂದು ಕೈಯಿಂದ ಕೊಂಬೆಯನ್ನು ದೊಡ್ಡ ಬಿಲ್ಲಿನಂತೆ ಬಾಗಿಸುತ್ತ ಹೋಗಬೇಕು. ಒಂದೇ ದಿವಸದಲ್ಲಿ ಅಡ್ಡಕ್ಕೆ ತರುವ ಹಟ ಬೇಡ. ಮೊದಲ ದಿವಸ ಅರ್ಧ ಬಾಗಿಸಿ ಕಟ್ಟಿ, ಒಂದು ವಾರ ಬಿಟ್ಟು ಇನ್ನಷ್ಟು ಇಳಿಸಬೇಕು. ಕೈಗೆ ದಪ್ಪ ಚರ್ಮದ ಕೈಚೀಲವನ್ನು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಐದು ಕೊಂಬೆಗಳಿದ್ದರೆ ಬೀಸಣಿಗೆಯ ಕಡ್ಡಿಗಳಂತೆ ಹರಡಬೇಕು: ಎರಡು ಎಡಕ್ಕೆ, ಎರಡು ಬಲಕ್ಕೆ, ಹೊಸದಾದ ಒಂದು ನಡುವೆ ಓರೆಯಾಗಿ. ಕೊಂಬೆಯ ತುದಿಯನ್ನು ತೀರ ಕೆಳಕ್ಕೆ ಜಗ್ಗಿ ಕಟ್ಟಬಾರದು. ಹಾಗೆ ಮಾಡಿದರೆ ಬಿಲ್ಲಿನ ನೆತ್ತಿಯಲ್ಲಿರುವ ಕಣ್ಣೇ ಹೊಸ ಯಜಮಾನನಾಗಿ ನೆಟ್ಟಗೆ ಏಳುವುದು. ತುದಿಯು ಬುಡಕ್ಕಿಂತ ತುಸು ಮೇಲಿದ್ದು, ನಡುವಣ ಭಾಗವು ಹೆಚ್ಚು ಕಡಮೆ ಮಟ್ಟವಾಗಿದ್ದರೆ ಉದ್ದಕ್ಕೂ ಇರುವ ಕಣ್ಣುಗಳು ಸಮನಾಗಿ ಎಚ್ಚರಗೊಳ್ಳುವುವು. ಪ್ರತಿಯೊಂದು ಕಣ್ಣಿನಿಂದಲೂ ನೆಟ್ಟನೆ ಒಂದು ಸಣ್ಣ ಚಿಗುರು ಎದ್ದು, ಆರು ಏಳು ವಾರಗಳಲ್ಲಿ ತುದಿಯಲ್ಲಿ ಮೊಗ್ಗು ಕಟ್ಟುವುದು. ಬಾಳೆಯ ನಾರಾಗಲಿ ತೆಂಗಿನ ನಾರಿನ ಹುರಿಯಾಗಲಿ ಕಟ್ಟಲು ಸಾಕು. ತಂತಿಯಿಂದ ಕಟ್ಟಿದರೆ ಕೊಂಬೆ ದಪ್ಪವಾದಂತೆ ತೊಗಟೆಯನ್ನು ಕೊರೆಯುವುದು. ಹುರಿಯನ್ನು ತಂತಿಗೂ ಕೊಂಬೆಗೂ ನಡುವೆ ಒಂದು ಸಲ ಹೊರಳಿಸಿ, ಎರಡು ಕುಣಿಕೆಗಳಾಗುವಂತೆ ಕಟ್ಟಿದರೆ ಒಂದಕ್ಕೊಂದು ಉಜ್ಜುವುದಿಲ್ಲ.

ಕಂಬಕ್ಕೆ ಏರಿಸುವವರು ಕೊಂಬೆಯನ್ನು ನೆಟ್ಟಗೆ ಬಿಗಿಯದೆ, ಮಲ್ಲಕಂಬವನ್ನು ಹಗ್ಗ ಸುತ್ತಿದಂತೆ ಸುತ್ತಿಸಿ ಏರಿಸಬೇಕು. ಏರುವ ದಾರಿಯು ಓರೆಯಾದಷ್ಟೂ ಕೆಳಗಿನಿಂದಲೇ ಹೂ ಬರುವುದು. ಗೋಡೆಯೂ ಕಂಬವೂ ಇಲ್ಲದವರು ಗಿಡದ ಸುತ್ತ ನಾಲ್ಕೈದು ಅಡಿ ದೂರದಲ್ಲಿ ಗೂಟಗಳನ್ನು ಹೊಡೆದು, ಕೊಂಬೆಗಳನ್ನು ನೆಲದಿಂದ ಮೊಳದೆತ್ತರದಲ್ಲಿ ಬಾಗಿಸಿ ಅವಕ್ಕೆ ಕಟ್ಟಬಹುದು. ನೋಡುವುದಕ್ಕೆ ಮಗುಚಿಟ್ಟ ಮಂಕರಿಯಂತೆ ಕಂಡರೂ ಹೂವಿಗೇನೂ ಕೊರತೆಯಾಗದು.

ಸವರುವ ಕ್ರಮ.— ನೆಟ್ಟ ಎರಡು ವರ್ಷಗಳವರೆಗೆ ಒಣಗಿದ, ಮುರಿದ, ರೋಗ ಹತ್ತಿದ ಭಾಗವನ್ನು ತೆಗೆಯುವುದರ ಹೊರತು ಕತ್ತರಿಯನ್ನು ಮುಟ್ಟಬಾರದು. ಹೆಸರಿನೊಡನೆ 'ಕ್ಲೈಂಬಿಂಗ್' ಎಂದಿರುವ ಜಾತಿಗಳನ್ನು ಎಳವೆಯಲ್ಲಿ ಮೋಟು ಮಾಡಿದರೆ, ಅವು ಹಬ್ಬುವುದನ್ನೇ ಬಿಟ್ಟು ಮೊದಲಿನ ಪೊದೆಯ ರೂಪಕ್ಕೆ ತಿರುಗುವುದೂ ಉಂಟು. ಮೂರನೆಯ ವರ್ಷದಿಂದ ಅಕ್ಟೋಬರ್ ನವೆಂಬರಿನಲ್ಲಿ, ಹೂ ಬಿಟ್ಟು ಮುಗಿದ ಮಗ್ಗುಲುಗೊಂಬೆಗಳನ್ನು ಮಾತ್ರ ಎರಡು ಮೂರು ಕಣ್ಣುಗಳಿಗೆ ಸವರಬೇಕು. ಉದ್ದಗೊಂಬೆಯನ್ನು ಕತ್ತರಿಸಬಾರದು, ಅದು ಗಿಡದ ಕಣಜ. ನಾಲ್ಕು ವರ್ಷ ದಾಟಿ, ತೊಗಟೆ ಬೂದುಬಣ್ಣಕ್ಕೆ ತಿರುಗಿ, ಹೂ ಕಡಮೆಯಾದ ಉದ್ದಗೊಂಬೆಯನ್ನು ವರ್ಷಕ್ಕೆ ಒಂದರಂತೆ ಬುಡಕ್ಕೆ ತೆಗೆದು, ಆ ಸ್ಥಳಕ್ಕೆ ಬುಡದಿಂದ ಎದ್ದ ಹೊಸದನ್ನು ಬಾಗಿಸಿ ಕಟ್ಟಬೇಕು. ಹೊಸದು ಏಳದಿರುವ ವರ್ಷ ಹಳೆಯದನ್ನು ತೆಗೆಯುವ ಕೆಲಸವನ್ನು ಮುಂದಕ್ಕೆ ಹಾಕುವುದೇ ಮೇಲು. ಕತ್ತರಿಸುವಾಗ ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು, ನೀರು ಕಣ್ಣಿನ ಹಿಂಬದಿಗೆ ಇಳಿಯುವಂತೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಸರಿಯನ್ನು ಬಳಿಯತಕ್ಕದ್ದು. ಮೈಲುತುತ್ತ ಒಂದು ಭಾಗ, ಸುಟ್ಟ ಸುಣ್ಣ ಒಂದು ಭಾಗ, ನೀರು ಹತ್ತು ಭಾಗ. ಬೇರೆ ಬೇರೆ ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆಗಳಲ್ಲಿ ಕದಡಿ ಒಟ್ಟಿಗೆ ಸೇರಿಸಿದರೆ ಈ ಸರಿಯಾಗುವುದು. ಇದನ್ನು ಬಿಟ್ಟರೆ ಕೊಂಬೆಯು ತುದಿಯಿಂದ ಕಪ್ಪಾಗಿ ಒಣಗುತ್ತ ಬುಡಕ್ಕೆ ಇಳಿಯುವ ರೋಗವು ಗಾಯದ ಮೂಲಕವೇ ಒಳಹೊಗುವುದು.

ಇಲ್ಲಿ ಇನ್ನೊಂದು ಮೋಸವನ್ನು ಹೇಳಬೇಕು. ನಮ್ಮ ಕಡೆ ಗುಲಾಬಿಯನ್ನು ಸಾಮಾನ್ಯವಾಗಿ ಮಲ್ಟಿಫ್ಲೋರ ಎಂಬ ಕಾಡುಜಾತಿಯ ಬುಡದ ಮೇಲೆ ಕಣ್ಣು ಹಾಕಿ ಕಸಿಮಾಡುವರು. ಈ ಬುಡಗಿಡವು ತಾನೂ ಉದ್ದವಾಗಿ ಹರಿಯತಕ್ಕುದು. ಕಸಿಯ ಗಂಟಿನ ಕೆಳಗಿನಿಂದ ಅದರ ಚಿಗುರು ಎದ್ದರೆ, ಮನೆಯವರು "ಗಿಡ ಚೆನ್ನಾಗಿ ಹಬ್ಬುತ್ತಿದೆ" ಎಂದು ಸಂತೋಷಪಡುವರು. ಒಂದೆರಡು ವರ್ಷಗಳಲ್ಲಿ ಮೇಲಿನ ಒಳ್ಳೆಯ ಜಾತಿಯು ಸೊರಗಿ ಸತ್ತು, ಕಾಡುಗಿಡವೊಂದೇ ಉಳಿಯುವುದು. ಪೊದೆಗುಲಾಬಿಯೇ ಹಬ್ಬುಗುಲಾಬಿಯಾಯಿತೆಂದು ಹೇಳಿಕೊಳ್ಳುವ ಗಿಡಗಳಲ್ಲಿ ಬಹುಪಾಲು ಇಂಥವೇ. ಎಲೆಯ ತೊಟ್ಟಿನ ಬುಡದಲ್ಲಿರುವ ಸಣ್ಣ ರೆಕ್ಕೆಯು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ ಅದು ಮಲ್ಟಿಫ್ಲೋರದ ಗುರುತು. ಎಲೆದಳಗಳು ಐದೋ ಏಳೋ ಎಂದು ಎಣಿಸುವ ಪದ್ಧತಿಯನ್ನು ನಂಬಬಾರದು. ಹಬ್ಬುಜಾತಿಗಳಲ್ಲಿಯೂ ಏಳು ದಳಗಳಿರುವುದುಂಟು. ಮಣ್ಣನ್ನು ಕೆದಕಿ ಚಿಗುರು ಹೊರಟ ಸ್ಥಳವನ್ನೇ ನೋಡಬೇಕು. ಗಂಟಿನ ಕೆಳಗಿನದಾದರೆ ಕತ್ತರಿಸದೆ, ಬುಡಸಹಿತ ಎಳೆದು ಕಿತ್ತುಹಾಕಬೇಕು. ಕತ್ತರಿಸಿದರೆ ಒಂದರ ಸ್ಥಳದಲ್ಲಿ ನಾಲ್ಕು ಏಳುವುವು.

ಮೇಷ್ಟರ ಗಿಡದಲ್ಲಿಯೂ ಇದ್ದ ಆರು ಕೊಂಬೆಗಳಲ್ಲಿ ಎರಡು ಇಂಥವಾಗಿದ್ದುವು. ಅವನ್ನು ಅಂದೇ ಕಿತ್ತೆವು. ಉಳಿದ ನಾಲ್ಕನ್ನು ಸೆಪ್ಟೆಂಬರ್ ಕೊನೆಯಲ್ಲಿ ನಾನು ಮತ್ತೆ ಹೋಗಿದ್ದಾಗ ಗಳುವಿನಿಂದ ಬಿಡಿಸಿ, ಗೋಡೆಗೆ ತಂತಿ ಹಾಯಿಸಿ, ಎರಡು ಕಡೆಗೂ ಬಾಗಿಸಿದೆವು. ಒಂದು ನನ್ನ ಕೈಯಲ್ಲಿಯೇ ಸಿಗಿಯಿತು, ಅವಸರವೇ ಕಾರಣ. ಸಿಗಿದ ಸ್ಥಳಕ್ಕೆ ಹಸಿಮಣ್ಣು ಮೆತ್ತಿ ಬಟ್ಟೆ ಸುತ್ತಿದರು. ಅದು ಬದುಕಿತಾದರೂ ಆ ವರ್ಷ ಹೂ ಕೊಡಲಿಲ್ಲ. ಅಕ್ಟೋಬರಿನಲ್ಲಿ ಕತ್ತರಿ ಮುಟ್ಟಿಸಬಾರದೆಂದು ಹೇಳಿ, ಟಿಪ್ಪಣಿ ಪುಸ್ತಕದಲ್ಲಿ ನನ್ನ ಹಳೆಯ ಮಾತಿನ ಪಕ್ಕದಲ್ಲಿ 'ಪೊದೆಗುಲಾಬಿಗೆ ಮಾತ್ರ' ಎಂದು ಬರೆದು ರುಜು ಹಾಕಿಕೊಟ್ಟೆನು. ಡಿಸೆಂಬರ್ ಮೂರನೆಯ ವಾರದಲ್ಲಿ ಮೇಷ್ಟರಿಂದ ಸಮಾಚಾರ ಬಂದಿತು. ಮೂರು ಕೊಂಬೆಗಳಲ್ಲಿ ಸೇರಿ ಇಪ್ಪತ್ತಾರು ಮೊಗ್ಗು. ಮೊದಲು ಅರಳಿದುದನ್ನು ಮನೆಯವರ ಪಟಕ್ಕೆ ಇಟ್ಟರಂತೆ. ಮಗನು ತಗಡಿನ ಚಪ್ಪರವನ್ನು ಹಾಕಿಸಿಯೇ ಹಾಕಿಸಿದನು, ಆದರೆ ನಾಲ್ಕಡಿ ಆಚೆಗೆ. ಈಗ ಅದರ ಕಬ್ಬಿಣದ ಕಂಬಕ್ಕೂ ಒಂದು ಕೊಂಬೆ ಸುತ್ತ ಹಾಕಿದೆ.

ಗೊಬ್ಬರ, ರೋಗ, ಕೀಟಗಳು.— ಗೊಬ್ಬರವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮುಂಗಾರಿನ ಮೊದಲು ಒಂದು ಮಂಕರಿ ಕೊಟ್ಟಿಗೆ ಗೊಬ್ಬರ, ಅಕ್ಟೋಬರಿನಲ್ಲಿ ಇನ್ನೊಂದು ಮಂಕರಿ ಮತ್ತು ಇನ್ನೂರು ಗ್ರಾಂ ಹೊಂಗೆ ಅಥವಾ ಬೇವಿನ ಹಿಂಡಿ ಸಾಕು. ಹೂವಿಲ್ಲವೆಂದು ಯೂರಿಯವನ್ನು ಸುರಿಯುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಎಲೆಯೂ ಕೊಂಬೆಯೂ ಇನ್ನಷ್ಟು ಕೊಬ್ಬುವುವು.

ಚಳಿ ಮೊದಲಾದಾಗ ಎಳೆಯ ಎಲೆಗಳ ಮೇಲೆ ಬರುವ ಬೂದಿರೋಗಕ್ಕೆ, ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಮಿನಂತೆ ಬೆರೆಸಿ ಸಾಯಂಕಾಲ ಎರಚಬೇಕು. ಬಿರುಬಿಸಿಲಿನಲ್ಲಿ ಎರಚಿದರೆ ಎಲೆ ಸುಡುವುದು. ಮಳೆಗಾಲದ ಕಪ್ಪು ಚುಕ್ಕೆಗೆ ನೂರಕ್ಕೆ ಒಂದರಂತೆ ಕಲಸಿದ ಬೋರ್ಡೋ ದ್ರಾವಣವು ಹಳೆಯ ಔಷಧ. ಉದುರಿದ ಎಲೆಗಳನ್ನು ಗುಡಿಸಿ ಸುಡದೆ ಎಷ್ಟು ಎರಚಿದರೂ ವ್ಯರ್ಥ. ಹಬ್ಬುಗುಲಾಬಿಗೆ ವಿಶೇಷವಾದ ಶತ್ರುವೆಂದರೆ ಹಳೆಯ ಉದ್ದಗೊಂಬೆಗಳಿಗೆ ಕೆಂಗಂದು ಹುಡಿಯಂತೆ ಅಂಟಿಕೊಳ್ಳುವ ಶಲ್ಕಕೀಟ. ಪೊದೆಗುಲಾಬಿಯಲ್ಲಿ ವರ್ಷವರ್ಷವೂ ಕೊಂಬೆಯೊಡನೆ ಇದೂ ಹೋಗುತ್ತದೆ. ಇಲ್ಲಿ ಕೊಂಬೆಯನ್ನು ಉಳಿಸಿಕೊಳ್ಳುವುದರಿಂದ ಕೀಟವೂ ಉಳಿಯುವುದು. ಬೇವಿನೆಣ್ಣೆ ಮತ್ತು ಸಾಬೂನು ಕದಡಿದ ನೀರಿನಲ್ಲಿ ಒರಟು ಬಟ್ಟೆಯನ್ನು ಅದ್ದಿ, ಕಣ್ಣುಗಳಿಗೆ ಪೆಟ್ಟಾಗದಂತೆ ಕೊಂಬೆಯನ್ನು ಉಜ್ಜಬೇಕು. ಬಾಗಿಸಿ ಕಟ್ಟುವ ದಿವಸವೇ ಇದನ್ನೂ ಮಾಡಿದರೆ ಒಂದೇ ಏಣಿಯಲ್ಲಿ ಎರಡು ಕೆಲಸ ಆಗುವುವು.

ಹೂ ಬಿಟ್ಟ ಗಿಡವನ್ನು ನೋಡಿದ ನೆರೆಹೊರೆಯವರು ಸಸಿ ಕೇಳುವುದು ಸಹಜ. ಬಾಗುವ ಗಿಡವಾದುದರಿಂದ ಇದಕ್ಕೆ ಸುಲಭದ ಉಪಾಯವೊಂದುಂಟು. ಜೂನ್ ತಿಂಗಳಿನಲ್ಲಿ, ಕಸಿಯ ಗಂಟಿನ ಮೇಲಿನಿಂದ ಬಂದ ಒಂದು ಉದ್ದಗೊಂಬೆಯನ್ನು ನೆಲಕ್ಕೆ ಇಳಿಸಿ, ನೆಲ ಮುಟ್ಟುವ ಸ್ಥಳದಲ್ಲಿ ಒಂದು ಗಿಣ್ಣಿನ ಕೆಳಗೆ ಎರಡಂಗುಲ ಉದ್ದ ಓರೆಯಾಗಿ ಅರ್ಧ ದಪ್ಪದವರೆಗೆ ಸೀಳಿ, ಸೀಳಿನ ನಡುವೆ ಬೆಂಕಿಕಡ್ಡಿಯೊಂದನ್ನು ಸಿಕ್ಕಿಸಿ, ಮರಳು ಬೆರೆತ ಮಣ್ಣಿನಲ್ಲಿ ಮೂರಂಗುಲ ಆಳಕ್ಕೆ ಹೂಳಿ, ಮೇಲೆ ಒಂದು ಕಲ್ಲನ್ನು ಹೇರಬೇಕು. ತುದಿಯು ಮಣ್ಣಿನ ಹೊರಗೇ ಇರಲಿ. ಮಳೆಗಾಲ ಮುಗಿಯುವ ವೇಳೆಗೆ ಬೇರು ಬಿಟ್ಟಿರುವುದು. ಆಗ ತಾಯಿಗಿಡದ ಕಡೆಯಿಂದ ಕತ್ತರಿಸಿ, ಹದಿನೈದು ದಿವಸ ಅಲ್ಲಿಯೇ ಬಿಟ್ಟು, ಮಣ್ಣಿನ ಹೆಂಟೆಯೊಡನೆ ಎತ್ತಿ ಕೊಡಬಹುದು. ಇಂಥ ಸಸಿಗೆ ಕಾಡುಬುಡವೇ ಇಲ್ಲದಿರುವುದರಿಂದ ಮಲ್ಟಿಫ್ಲೋರದ ಮೋಸದ ಚಿಗುರುಗಳ ಭಯವೂ ಇರುವುದಿಲ್ಲ.